ಲೈಸೆನ್ಸ್ ಇಲ್ಲದ ಸ್ವರ

ಅಲ್ ಅಮೇರಾತ್
ಮಸ್ಕತ್
14 ಮಾರ್ಚ್ 2025

ಪ್ರೀತಿಯ ಬಾಪ,

ಅಸ್ಸಲಾಮು ಅಲೈಕುಂ. ಉಮ್ಮ ಮತ್ತು ನಾನು ಚೆನ್ನಾಗಿದ್ದೇವೆ. ಕಾಗದ ಬರೆಯುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ. ಒಂದು ಸಾಲು ಬರೆದು ಕೂಡಲೇ ನೀಲಿ ಟಿಕ್ ಬಂತಾ ಎಂದು ನೋಡುವ ಕೈ ಇದು. ನಿಮ್ಮ ಕ್ಯಾಂಪಿಗೆ ಟವರ್ ಬರುವ ತನಕ ಶಹೀದ್ ಭಾಯಿಯ ತರಕಾರಿ ಲಾರಿಯೇ ನಮ್ಮ ವಾಟ್ಸಾಪ್. ಅವರು ವಾರಕ್ಕೊಮ್ಮೆ ವಾದಿ ಅದಾಯ್‌ನಲ್ಲಿ ನಮ್ಮ ವರ್ಕ್‌ಶಾಪಿನ ಎದುರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ, ನಾನು ಕೌಂಟರ್ ಬಿಟ್ಟು ಓಡುತ್ತೇನೆ. ಕವರ್ ತೂಗಿ ನೋಡಿ, ಇದರಲ್ಲಿ ಟೊಮೆಟೊ ತುಂಬಿದ್ದೀಯಾ ಎಂದು ಪ್ರತಿ ಸಲ ಅದೇ ಜೋಕು.

ನಿಮ್ಮ ರೇಡಿಯೊ ಸಮಸ್ಯೆಗೆ ಉತ್ತರ ಸಿಕ್ಕಿತು. ನೀರಿನ ಟ್ಯಾಂಕರಿನ ಸಿಬಿ ಸೆಟ್ಟಿನಲ್ಲಿ ಬೆಳಿಗ್ಗೆಯಿಂದ ಅಸರ್ ನಮಾಜಿನ ತನಕ ಯಾವ್ಯಾವುದೋ ದೇಶದವರ ಗಲಾಟೆ, ಹಿಂದಿನ ಟ್ಯಾಂಕರಿನಲ್ಲೇ ಬರುತ್ತಿರುವ ಕುಂಞಾಲಿ ಕಾಕನ ಸ್ವರ ಕೇಳಿಸುವುದಿಲ್ಲ ಎಂದು ಬರೆದಿದ್ದಿರಲ್ಲ. ಸಿಬಿ ಎಂದರೆ ಇಪ್ಪತ್ತೇಳು ಮೆಗಾಹರ್ಟ್ಸ್. ಈಗ ಸೂರ್ಯನಲ್ಲಿ ಕಲೆಗಳು ಜಾಸ್ತಿಯಂತೆ, ಹಾಗಾಗಿ ದೂರದ ಸ್ವರಗಳೆಲ್ಲ ಆಕಾಶಕ್ಕೆ ತಾಗಿ ವಾಪಸ್ ಬಂದು ನಿಮ್ಮ ತಲೆಯ ಮೇಲೆ ಬೀಳುತ್ತಿವೆ. ನಾನು ಒಂದು ರೇಡಿಯೊ ಗ್ರೂಪಿನಲ್ಲಿ ಕೇಳಿದೆ. ನೂರಾರು ರಿಪ್ಲೈ. ಅರ್ಧ ಜನ ಜಗಳಕ್ಕೇ ಬಂದರು, ಒಬ್ಬ ಮಾತ್ರ ಫೋಟೊ ಹಾಕಿ ತೋರಿಸಿದ. ನಿಮ್ಮ ಮಾಡೆಲಿನ ಒಳಗೆ ಒಂದು ಸಣ್ಣ ವಯರ್ ಉಂಟು, ಅದನ್ನು ಕತ್ತರಿಸಿದರೆ ಸೆಟ್ಟು ಇಪ್ಪತ್ತೆಂಟಕ್ಕೆ ಹತ್ತುತ್ತದೆ, ಅಲ್ಲಿ ಖಾಲಿ ಜಾಗ ಬೇಕಾದಷ್ಟು ಎಂದ. ಚಿತ್ರ ಬಿಡಿಸಿ ಇಟ್ಟಿದ್ದೇನೆ. ಕೆಂಪು ಗುರುತು ಹಾಕಿದ ಕಡೆ ಮಾತ್ರ ಕತ್ತರಿಸಿ.

ಈಗ ನಿಜವಾದ ವಿಷಯ. ಸಿಬಿ ಸಾಕು ಬಾಪ, ನಾವು ಹ್ಯಾಮ್ ಆಗೋಣ. ಪರೀಕ್ಷೆ ಬರೆದು ಅಮೆಚೂರ್ ರೇಡಿಯೊ ಲೈಸೆನ್ಸ್ ತೆಗೆದುಕೊಳ್ಳುವುದು. ಅವರಿಗೆ ಏಳು ಮೆಗಾಹರ್ಟ್ಸ್ ಎಂಬ ಜಾಗ ಉಂಟು. ಅಲ್ಲಿಂದ ಮಾತಾಡಿದರೆ ನಮ್ಮ ಟೆರೇಸಿನಿಂದ ನಿಮ್ಮ ಕ್ಯಾಂಪಿಗೆ ಸೀದಾ ತಲುಪುತ್ತದೆ. ಟವರ್ ಬೇಡ, ರೀಚಾರ್ಜ್ ಬೇಡ. ದಿನಾ ಮಗ್ರಿಬ್ ಆದ ಮೇಲೆ, ಸಂಜೆ ಹೊತ್ತಿಗೆ, ನೀವು ಮತ್ತು ನಾನು. ಆದರೆ ಒಬ್ಬರಿಗೆ ಇದ್ದರೆ ಸಾಲದು. ಲೈಸೆನ್ಸ್ ಇಲ್ಲದವರೊಟ್ಟಿಗೆ ಮಾತಾಡುವ ಹಾಗಿಲ್ಲ. ಇಬ್ಬರಿಗೂ ಬೇಕು. ನೀವು ಹ್ಞೂಂ ಎನ್ನಿ, ಪಾಠ ನಾನು ಬರೆದು ಕಳಿಸುತ್ತೇನೆ.

ಉಮ್ಮ ಇಫ್ತಾರಿಗೆ ಕರೆಯುತ್ತಿದ್ದಾಳೆ. ನಿಮ್ಮ ತಟ್ಟೆಯನ್ನು ಈಗಲೂ ಇಡುತ್ತಾಳೆ.

ನಿಮ್ಮ
ಆಫಿಯಾ


ಹೈಮಾದ ಆಚೆಯ ಕ್ಯಾಂಪು
4 ಏಪ್ರಿಲ್ 2025

ಮಗಳು ಆಫಿಯಾಳಿಗೆ ಬಾಪನ ಸಲಾಂ.

ಈ ಸಲ ಪೆರ್ನಾಲಿಗೂ ರಜೆ ಸಿಗಲಿಲ್ಲ. ಹಬ್ಬದ ದಿನ ರಸ್ತೆ ಕೆಲಸಕ್ಕೆ ರಜೆ, ನೀರಿಗೆ ರಜೆ ಇಲ್ಲ. ಮೆಸ್ಸಿನ ಸ್ಟೋರ್ ನೋಡುವ ನಮ್ಮ ಊರಿನ ಕ್ಯಾಸ್ಮಿರ್ ಎಲ್ಲರಿಗೂ ಬಿರಿಯಾನಿ ಮಾಡಿಸಿದ. ಅವನಿಗೆ ಹಬ್ಬ ಅಲ್ಲದಿದ್ದರೂ ಹೆಚ್ಚು ತಿಂದವನು ಅವನೇ.

ನಿನ್ನ ಚಿತ್ರದ ಪ್ರಕಾರ ವಯರ್ ಕತ್ತರಿಸಿದೆವು. ಮೊದಲು ನನ್ನ ಸೆಟ್ಟು, ಆಮೇಲೆ ಕುಂಞಾಲಿಯದ್ದು, ಆಮೇಲೆ ಎಲ್ಲರದ್ದು. ಮೇಲೆ ಹತ್ತಿದ ಕೂಡಲೇ ಬಾವಿಯ ಒಳಗೆ ಕೂತ ಹಾಗೆ ನಿಶ್ಶಬ್ದ. ಕುಂಞಾಲಿ ಹಿಂದಿನಿಂದ ಕೆಮ್ಮಿದ್ದೂ ಕೇಳಿಸಿತು. 'ನಿನ್ನ ಮಗಳಿಗೆ ಒಳ್ಳೆಯ ತಲೆ ಉಂಟು ಇಬ್ರಾಹಿಂ, ನಿನ್ನದಲ್ಲ ಅದು, ಅವಳ ಉಮ್ಮ ನಬೀಸಾಳದ್ದು' ಎಂದ. ಈ ದಾರಿಯಲ್ಲಿ ಮರಳು ಗಾಳಿ ಎದ್ದರೆ ಎದುರಿನ ಲಾರಿ ಕಾಣುವುದಿಲ್ಲ ಮಗಳೇ. ಎಲ್ಲಿದ್ದಿ, ಎಲ್ಲಿದ್ದಿ ಎಂದು ಕೇಳುತ್ತಲೇ ಹೋಗಬೇಕು.

ಲೈಸೆನ್ಸಿನ ವಿಷಯ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡ ಶಾಲೆ. ಪರೀಕ್ಷೆ ಇಂಗ್ಲಿಷಿನಲ್ಲಿ ಇರುತ್ತದೆ. ಆದರೂ ದಿನಾ ಮಗ್ರಿಬ್ ಆದ ಮೇಲೆ ಎಂದು ನೀನು ಬರೆದದ್ದನ್ನು ಎರಡು ಸಲ ಓದಿದೆ. ಟೌನಿಗೆ ಹೋದಾಗ ಫೋನಿನಲ್ಲಿ ಮಾತಾಡುವುದು ಒಂದು ಮಾತೇ ಅಲ್ಲ, ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ. ಹ್ಞೂಂ. ಪಾಠ ಕಳಿಸು. ತಲೆಗೆ ಹತ್ತಿದಷ್ಟು ಹತ್ತಲಿ.

ಬಾಪ
ಇಬ್ರಾಹಿಂ


ಅಲ್ ಅಮೇರಾತ್
25 ಏಪ್ರಿಲ್ 2025

ಪ್ರೀತಿಯ ಬಾಪ,

ನೀವು ಹ್ಞೂಂ ಎಂದದ್ದನ್ನು ಉಮ್ಮನಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಟೆರೇಸಿನಲ್ಲಿ ಆಂಟೆನಾದ ವಯರ್ ಕಟ್ಟಲು ಜಾಗ ಉಂಟಾ ಎಂದು ನೋಡಿ ಬಂದಳು.

ನನಗೆ ಮೇಷ್ಟ್ರು ಸಿಕ್ಕಿದರು. ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿರುವ ದೊರೆಸ್ವಾಮಿ ಸರ್. ಮೈಸೂರಿನವರು, ಎಂಜಿನಿಯರ್. ಶುಕ್ರವಾರ ನಮಾಜಿನ ನಂತರ ಅವರ ಮನೆಯಲ್ಲಿ ನಾಲ್ಕೈದು ಜನಕ್ಕೆ ಪುಕ್ಕಟೆ ಪಾಠ ಹೇಳುತ್ತಾರೆ. ಅವರ ಹೆಂಡತಿ ಸರಸ್ವತಮ್ಮ ಮೊದಲ ದಿನ ನನ್ನನ್ನು ನೋಡಿ, 'ಹೆಣ್ಣುಮಕ್ಕಳು ಈ ಗಿರಗಿರ ಕೇಳಕ್ಕೆ ಬಂದಿದ್ದು ಇದೇ ಫಸ್ಟು ಕಣೇ, ಕೂತ್ಕೋ' ಎಂದು ಕಾಫಿ ಕೊಟ್ಟರು. ಜುಲೈನಲ್ಲಿ ಉಮ್ಮ ಮತ್ತು ನಾನು ಊರಿಗೆ ಹೋಗುತ್ತೇವಲ್ಲ, ಆಗ ಮಂಗಳೂರಿನಲ್ಲಿ ಪರೀಕ್ಷೆ ಬರೆಯಬಹುದು, ಆ ಸರ್ಟಿಫಿಕೇಟಿನ ಮೇಲೆ ಇಲ್ಲಿಯ ಪರ್ಮಿಷನ್ನಿಗೆ ತಾನೇ ಓಡಾಡುತ್ತೇನೆ ಎಂದಿದ್ದಾರೆ ಸರ್. ನೀವು ಮುಂದಿನ ರಜೆಯಲ್ಲಿ ಬರೆಯಿರಿ.

ಬಾಪ, ಒಂದು ಮಾತು ಮೊದಲು. ಇಪ್ಪತ್ತೆಂಟು ಖಾಲಿ ಜಾಗ ಅಲ್ಲವಂತೆ. ಅದು ಹ್ಯಾಮ್‌ಗಳಿಗೆಂದು ಬಿಟ್ಟ ಜಾಗ. ಗ್ರೂಪಿನವನು ಹೇಳಿದ್ದನ್ನು ನಾನು ಹಾಗೇ ನಂಬಿದೆ. ನಿಮ್ಮ ಕಂಪನಿಗೆ ಇಪ್ಪತ್ತೇಳಕ್ಕೆ ಮಾತ್ರ ಪರ್ಮಿಷನ್ ಇರುವುದು. ದಯವಿಟ್ಟು ಎಲ್ಲರೂ ಕೆಳಗೆ ಇಳಿಯಿರಿ. ಗಲಾಟೆ ಇದ್ದರೂ ಅಲ್ಲೇ ಇರಿ. ಸಿಕ್ಕಿಬಿದ್ದರೆ ನಿಮ್ಮ ಹೆಸರಿಗೆ ಆಮೇಲೆ ಲೈಸೆನ್ಸೇ ಸಿಗುವುದಿಲ್ಲ.

ಪಾಠ ಒಂದು. ಸಿಬಿಯಲ್ಲಿ ಊರಿನ ಹೆಸರೇ ಸಾಕು, ನೀವು ತೊಕ್ಕೊಟ್ಟು, ಕುಂಞಾಲಿ ಕಾಕ ಮಂಜೇಶ್ವರ, ಯಾರಿಗೂ ನಿಜ ಹೆಸರು ಬೇಡ. ಹ್ಯಾಮ್‌ನಲ್ಲಿ ಹಾಗಿಲ್ಲ. ಸರ್ಕಾರ ಕೊಟ್ಟ ಕಾಲ್‌ಸೈನ್ ಹೇಳಬೇಕು, ಅದು ಇಡೀ ಪ್ರಪಂಚದಲ್ಲಿ ಒಬ್ಬರಿಗೇ. ವ್ಯಾಪಾರದ ಮಾತು ಆಡಬಾರದು, ಇನ್ನೊಬ್ಬರ ಸುದ್ದಿ ಮುಟ್ಟಿಸಬಾರದು.

ಪಾಠ ಎರಡು. ಇಪ್ಪತ್ತೆಂಟರ ಅಲೆ ಹತ್ತಿರದವರಿಗೆ ನೆಲದ ಮೇಲೆ ತಲುಪುತ್ತದೆ, ತುಂಬಾ ದೂರದವರಿಗೆ ಆಕಾಶದಿಂದ ತಲುಪುತ್ತದೆ. ಮಧ್ಯದಲ್ಲಿ ಇರುವವರ ತಲೆಯ ಮೇಲಿನಿಂದ ಹಾರಿ ಹೋಗುತ್ತದೆ. ನಿಮ್ಮ ಕ್ಯಾಂಪಿನಿಂದ ಮಸ್ಕತ್ ಸರಿಯಾಗಿ ಆ ಮಧ್ಯದಲ್ಲಿ ಬೀಳುತ್ತದೆ. ಅದಕ್ಕೇ ನಮಗಿಬ್ಬರಿಗೆ ಏಳೇ ಬೇಕು.

ನಿಮ್ಮ
ಆಫಿಯಾ


ಕ್ಯಾಂಪು
9 ಮೇ 2025

ಮಗಳು ಆಫಿಯಾಳಿಗೆ,

ಸರಿ. ಇಳಿದಿದ್ದೇವೆ. ನೀನು ಹೆದರಬೇಡ.

ಕ್ಯಾಸ್ಮಿರ್ ಇಂಗ್ಲಿಷ್ ಕಲಿಸುತ್ತಾನೆ. ಎ ಎಂದರೆ ಆಲ್ಫಾ, ಬಿ ಎಂದರೆ ಬ್ರಾವೊ. ಮೆಸ್ಸಿನಲ್ಲಿ ಅವನು ಅಕ್ಕಿ ಚೀಲದ ಮೇಲಿನ ಅಕ್ಷರ ಒಂದೊಂದೇ ಮುಟ್ಟಿ ಕೇಳುವುದು, ನಾನು ಹೇಳುವುದು. ತಪ್ಪಿದರೆ ಆ ದಿನ ಮೀನಿನ ತಲೆ ನನಗೆ ಇಲ್ಲ. ಈಗ ತಪ್ಪುವುದು ಕಡಿಮೆಯಾಗಿದೆ. ಟ್ಯಾಂಕರ್ ಓಡಿಸುವಾಗ ಎದುರು ಬರುವ ಗಾಡಿಗಳ ನಂಬರ್ ಪ್ಲೇಟನ್ನು ಹಾಗೇ ಓದುತ್ತಾ ಹೋಗುತ್ತೇನೆ. ಕುಂಞಾಲಿಗೆ ನಗು. ಈ ಪ್ರಾಯದಲ್ಲಿ ಶಾಲೆಗೆ ಹೊರಟಿದ್ದಾನೆ ಎನ್ನುತ್ತಾನೆ.

ಬಿಸಿಲು ಜೋರಾಗಿದೆ. ಉಮ್ಮನ ಮೊಣಕಾಲಿಗೆ ಎಣ್ಣೆ ಮುಗಿದಿದ್ದರೆ ತರಿಸು.

ಬಾಪ


ಅಲ್ ಅಮೇರಾತ್
13 ಜೂನ್ 2025

ಪ್ರೀತಿಯ ಬಾಪ,

ಇವತ್ತು ಏನಾಯಿತು ಎಂದು ಬರೆಯಲು ಕೈ ನಿಲ್ಲುತ್ತಿಲ್ಲ. ಕ್ಲಾಸಿನಿಂದ ಬಂದವಳು ಅಬಾಯ ಸಹ ತೆಗೆಯದೆ ಕೂತಿದ್ದೇನೆ.

ಲೈಸೆನ್ಸ್ ಸಿಗುವ ತನಕ ನಮಗೆ ಕೇಳುವ ಕೆಲಸ ಮಾತ್ರ. ಕೇಳಲಿಕ್ಕೆ ಲೈಸೆನ್ಸ್ ಬೇಡ. ಹ್ಯಾಮ್‌ಗಳ ಜಾಗಕ್ಕೆ ಯಾರಾದರೂ ನುಗ್ಗಿ ಮಾತಾಡುತ್ತಿದ್ದರೆ ಅದನ್ನು ಬರೆದು ಸರ್ಕಾರಕ್ಕೆ ರಿಪೋರ್ಟ್ ಮಾಡುವುದು ಅವರ ಪದ್ಧತಿ. ಯಾವ ಜಾಗ, ಎಷ್ಟು ಹೊತ್ತಿಗೆ, ಯಾವ ಭಾಷೆ. ಸರ್ ಹೋದ ತಿಂಗಳಿನಿಂದ ಇಪ್ಪತ್ತೆಂಟರಲ್ಲಿ ಒಂದು ಗುಂಪನ್ನು ಕೇಳುತ್ತಿದ್ದರಂತೆ. ಭಾಷೆಯ ಕಡೆ ಪ್ರತಿ ಸಲ ಗೊತ್ತಿಲ್ಲ ಎಂದೇ ಬರೆದಿದ್ದರು. ಇವತ್ತು ಹೆಡ್‌ಫೋನ್ ನನಗೆ ಕೊಟ್ಟರು. ಸ್ವರ ನೀರಿನೊಳಗಿನಿಂದ ಬಂದ ಹಾಗೆ ಏಳುತ್ತಿತ್ತು, ಮುಳುಗುತ್ತಿತ್ತು. ಇಬ್ಬರು ಹುಡುಗರು. ಹೆಸರು ಹೇಳಲಿಲ್ಲ, ಡೀಸೆಲ್ ಎಷ್ಟು ಉಳಿದಿದೆ, ಗಾಳಿ ಹೇಗಿದೆ ಎನ್ನುತ್ತಿದ್ದರು. ಬಾಪ, ಅದು ಬ್ಯಾರಿ. ನಮ್ಮ ಬ್ಯಾರಿ. ನಾನು ನಕ್ಕುಬಿಟ್ಟೆ.

'ಏನಮ್ಮಾ, ನಿಂಗೆ ಅರ್ಥ ಆಗ್ತಿದ್ಯಾ ಇದು?' ಎಂದು ಸರ್ ಕುರ್ಚಿ ಎಳೆದುಕೊಂಡು ಬಂದರು.

ಅದು ನಮ್ಮ ಮನೆಮಾತು, ಮಂಗಳೂರು ಕಡೆಯದು ಎಂದೆ. ಒಂದು ಕ್ಷಣ ನಿಮ್ಮ ಕ್ಯಾಂಪಿನ ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೀವು ಇಳಿದಿದ್ದೀರಿ, ಮತ್ತೆ ನಿಮ್ಮ ಕ್ಯಾಂಪಿನ ಅಲೆ ಇಲ್ಲಿ ಕೇಳಿಸುವ ದೂರದಲ್ಲೇ ಇಲ್ಲ. ಮಂಗಳೂರಾದರೆ ಸರಿಯಾದ ದೂರ. ಊರಿನ ಮೀನುಗಾರರು ಬೋಟಿನಿಂದ ಮಾತಾಡುತ್ತಿರಬೇಕು ಎಂದು ಹೇಳಿದೆ. ಸರ್ ರಿಪೋರ್ಟನ್ನು ನನ್ನ ಕೈಯಲ್ಲೇ ಬರೆಸಿದರು. ಭಾಷೆ: ಬ್ಯಾರಿ. ಹತ್ತಾರು ಜನ ಕೇಳಿ ಗೊತ್ತಾಗದ್ದನ್ನು ಒಂದು ನಿಮಿಷದಲ್ಲಿ ಹೇಳಿದಳು ಎಂದು ಕ್ಲಬ್ಬಿನ ಗ್ರೂಪಿನಲ್ಲಿ ನನ್ನ ಹೆಸರು ಹಾಕಿದರು. ಎಷ್ಟು ಚಪ್ಪಾಳೆ ಬಂತು ಗೊತ್ತಾ. ವರ್ಕ್‌ಶಾಪಿನಲ್ಲಿ ಕೂತು ಏಸಿ ಗ್ಯಾಸಿನ ಬಿಲ್ ಬರೆಯುವ ನನಗೆ.

ಜುಲೈ ಹತ್ತಕ್ಕೆ ನಮ್ಮ ಫ್ಲೈಟು. ನಿಮ್ಮ ಪಾಠ ಎಲ್ಲಿಗೆ ಬಂತು?

ನಿಮ್ಮ
ಆಫಿಯಾ


ಕ್ಯಾಂಪು
4 ಜುಲೈ 2025

ಮಗಳು ಆಫಿಯಾಳಿಗೆ,

ನೀವು ಊರಿಗೆ ಹೊರಡುವ ಮೊದಲು ಸಿಗಲಿ ಎಂದು ಇದನ್ನು ಬೇಗ ಬರೆಯುತ್ತಿದ್ದೇನೆ.

ಹೋದ ವಾರ ಮಾಡಿನ ಮೇಲೆ ಆಂಟೆನಾ ಇರುವ ಬಿಳಿ ಗಾಡಿ ಒಂದು ಬಂತು, ಸರ್ಕಾರದ್ದು. ಒಳ್ಳೆಯ ಜನ, ಜೋರು ಮಾತಾಡಲಿಲ್ಲ, ನಾವು ಕೊಟ್ಟ ಕಾವಾ ಕುಡಿದರು. ಅವರ ಕೈಯಲ್ಲಿ ಒಂದು ಕಾಗದ ಇತ್ತು. ಅದರಲ್ಲಿ ಬ್ಯಾರಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಭಾಷೆಯ ಹೆಸರನ್ನು ನಾನು ಸರ್ಕಾರದ ಕಾಗದದಲ್ಲಿ ನೋಡಿದ್ದು ಅದೇ ಮೊದಲು. ಈ ಭಾಷೆಯ ಡ್ರೈವರುಗಳು ಎಲ್ಲಿ ಒಟ್ಟಿಗೆ ಕೆಲಸ ಮಾಡುತ್ತಾರೆ ಎಂದು ಕಂಪನಿಗಳಲ್ಲಿ ವಿಚಾರಿಸುತ್ತಾ ಬಂದರಂತೆ.

ಸೆಟ್ಟುಗಳನ್ನೆಲ್ಲ ಬಿಚ್ಚಿಕೊಂಡು ಹೋದರು. ವಯರ್ ಕತ್ತರಿಸಿದವರು ಯಾರು ಎಂದಾಗ ನಾನು ಎಂದೆ. ಹಿರಿಯವನು ನಾನೇ ಅಲ್ಲವಾ. ಎರಡು ಕಡೆ ಸಹಿ ಹಾಕಿಸಿಕೊಂಡರು.

ನಿನ್ನ ಪತ್ರವೂ ಅದೇ ವಾರ ಸಿಕ್ಕಿತು. ಓದಿದೆ. ಗ್ರೂಪಿನಲ್ಲಿ ಹೆಸರು ಬಂದದ್ದು ಒಳ್ಳೆಯದಾಯಿತು.

ಊರಲ್ಲಿ ಮಳೆ ಜೋರಿರಬಹುದು. ಕೊಡೆ ಮರೆಯಬೇಡ. ಪರೀಕ್ಷೆ ಚೆನ್ನಾಗಿ ಬರೆ.

ಬಾಪ


ಮಂಗಳೂರು
20 ಜುಲೈ 2025

ಬಾಪ,

ಇದನ್ನು ಇಲ್ಲಿ ಬರೆದು, ನಾನೇ ಹೊತ್ತು ತಂದು ಶಹೀದ್ ಭಾಯಿಯ ಕೈಗೆ ಕೊಡುತ್ತೇನೆ.

ನಿಮ್ಮ ಪತ್ರವನ್ನು ವಿಮಾನದಲ್ಲಿ ಓದಿದೆ. ಉಮ್ಮನಿಗೆ ಓದಿ ಹೇಳಲಿಲ್ಲ. ನಾನು ಕೇಳಿದ್ದು ಬೇರೆಯವರನ್ನು, ನಿಮ್ಮ ಕ್ಯಾಂಪಿಗೆ ಬಂದವರು ಬೇರೆ ಯಾವುದೋ ರಿಪೋರ್ಟ್ ನೋಡಿ ಬಂದವರು ಎಂದು ನನಗೇ ಹೇಳಿಕೊಂಡೆ. ಬ್ಯಾರಿ ಮಾತಾಡುವ ಮೀನುಗಾರರು ಇಲ್ಲವಾ, ಬೋಟಿನಲ್ಲಿ ಸೆಟ್ಟು ಇರುವುದಿಲ್ಲವಾ. ಅದನ್ನು ಕಣ್ಣಾರೆ ನೋಡಬೇಕು ಎಂದು ಇವತ್ತು ಬಂದರಿನ ಧಕ್ಕೆಗೆ ಹೋದೆ. ಉಮ್ಮನೂ ಬಂದಳು, ಮೀನು ತರುವ ಎಂದು ಚೀಲ ಹಿಡಿದು.

ಬೋಟುಗಳೆಲ್ಲ ಅಲ್ಲೇ ಇದ್ದವು ಬಾಪ. ಒಂದಕ್ಕೊಂದು ಕಟ್ಟಿ ಹಾಕಿ, ಮೇಲೆ ತಾಡಪಾಲು ಹೊದಿಸಿ, ನೂರಾರು ಬೋಟು. ಮಳೆ ಸುರಿಯುತ್ತಿತ್ತು. ಬಲೆ ರಿಪೇರಿ ಮಾಡುತ್ತಿದ್ದ ಒಬ್ಬರನ್ನು, ಇವು ಯಾವಾಗ ಹೊರಡುತ್ತವೆ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಉಮ್ಮನೇ ಉತ್ತರ ಕೊಟ್ಟಳು.

'ಆಷಾಢದಲ್ಲಿ ಯಾರು ಕಡಲಿಗೆ ಇಳಿಯುವುದು ಮಾರಾಯ್ತಿ. ಜೂನ್ ಒಂದಕ್ಕೇ ಬಂದ್. ಇಷ್ಟೂ ಗೊತ್ತಿಲ್ಲವಾ ನಿನಗೆ?'

ಗೊತ್ತಿರಲಿಲ್ಲ. ಮೀನಿನ ಅಂಗಡಿಯವರ ಮೊಮ್ಮಗಳು ನಾನು, ನನಗೆ ಗೊತ್ತಿರಲಿಲ್ಲ. ನಾನು ಕಂಡ ಕಡಲು ಮಸ್ಕತ್‌ನ ಮತ್ರಾದ ಕಡಲು. ಅಲ್ಲಿ ಜೂನ್‌ನಲ್ಲಿ ಮಳೆಯೂ ಇಲ್ಲ, ಬಂದೂ ಇಲ್ಲ.

ಆ ಹುಡುಗರು ಗಾಳಿ ಹೇಗಿದೆ ಎಂದು ಕೇಳಿದ್ದು ಮರಳಿನ ಗಾಳಿ. ಸರ್ ಹತ್ತಿರ ಫೋನಿನಲ್ಲಿ ಕೇಳಿದೆ, ಸುಮ್ಮನೆ ಪರೀಕ್ಷೆಗೆ ಎನ್ನುವ ಹಾಗೆ. ಬೇಸಿಗೆಯಲ್ಲಿ ಒಮ್ಮೊಮ್ಮೆ ಆಕಾಶದ ಕೆಳಗಿನ ಪದರ ಗಟ್ಟಿಯಾಗಿ ಮಧ್ಯದ ದೂರದಲ್ಲೂ ಕೇಳಿಸುವುದುಂಟು, ಅದು ಮುಂದಿನ ಪಾಠದಲ್ಲಿ ಇದೆ ಎಂದರು.

ನಾನು ಕೇಳಿದ್ದು ನಿಮ್ಮ ಹುಡುಗರನ್ನೇ ಎಂದು ನಿಮಗೆ ಆ ದಿನವೇ ಗೊತ್ತಾಗಿತ್ತು. ಜೂನ್ ತಿಂಗಳ ಮೀನುಗಾರರು ಎಂದು ನಾನು ಬರೆದದ್ದನ್ನು ಓದುವಾಗಲೇ ಗೊತ್ತಾಗಿತ್ತು. ಆದರೂ ಕೊಡೆ ಮರೆಯಬೇಡ ಎಂದು ಬರೆದಿರಿ.

ನಾಳೆ ಪರೀಕ್ಷೆ. ಬರೆಯಬೇಕಾ ಬೇಡವಾ ಎಂದು ನಿಮ್ಮನ್ನು ಕೇಳಬೇಕಿತ್ತು. ಕೇಳುವ ದಾರಿ ಇಲ್ಲ.

21 ಜುಲೈ

ಬರೆದೆ. ಲೈಸೆನ್ಸ್ ಇಲ್ಲದವರೊಟ್ಟಿಗೆ ಮಾತಾಡಬಹುದೇ ಎಂಬ ಪ್ರಶ್ನೆ ಇತ್ತು. ಸರಿಯಾದ ಉತ್ತರವನ್ನೇ ಗುರುತು ಹಾಕಿದೆ. ಮಸ್ಕತ್‌ನಲ್ಲಿ ನಿಮ್ಮ ಉತ್ತರ ಸಿಕ್ಕಿದ ಕೂಡಲೇ ಸರ್‌ಗೆ ಎಲ್ಲ ಹೇಳಿಬಿಡುತ್ತೇನೆ. ವಯರ್‌ನ ಚಿತ್ರ ಬಿಡಿಸಿದ್ದು ನಾನು ಎಂದೂ ಹೇಳುತ್ತೇನೆ.

ಆಫಿಯಾ


ಕ್ಯಾಂಪು
15 ಆಗಸ್ಟ್ 2025

ಮಗಳು ಆಫಿಯಾಳಿಗೆ ಸಲಾಂ.

ಯಾರಿಗೂ ಏನೂ ಹೇಳಬೇಡ. ಸರ್‌ಗಂತೂ ಬೇಡವೇ ಬೇಡ. ಕಾಗದದಲ್ಲಿ ಇಬ್ರಾಹಿಂ ಎಂಬ ಹೆಸರು ಉಂಟು, ಆ ಹೆಸರಿನವರು ಈ ದೇಶದಲ್ಲಿ ಎಷ್ಟೋ ಜನ. ನಾನು ನಿನ್ನ ಬಾಪ ಎಂದು ಗೊತ್ತಾದರೆ ನಿನ್ನ ಲೈಸೆನ್ಸಿಗೂ ಕಲ್ಲು ಬೀಳುತ್ತದೆ. ಅದು ನನಗೆ ಬೇಡ.

ಇಳಿದಿದ್ದೇವೆ ಎಂದು ನಾನು ಬರೆದದ್ದು ಸುಳ್ಳು. ಒಂದು ದಿನ ಇಳಿದದ್ದು ಹೌದು. ಆ ದಿನವೇ ಗಾಳಿ ಎದ್ದು ಒಬ್ಬ ಹುಡುಗ ದಾರಿ ತಪ್ಪಿದ. ಕೆಳಗಿನ ಗಲಾಟೆಯಲ್ಲಿ ಅವನು ಕೂಗಿದ್ದು ನಮಗೆ ಕೇಳಿಸಲೇ ಇಲ್ಲ. ಮರುದಿನ ಎಲ್ಲರೂ ಪುನಃ ಮೇಲೆ ಹತ್ತಿದೆವು. ನಿನಗೆ ಬರೆದರೆ ನೀನು ಹೆದರುತ್ತಿ ಎಂದು ಬರೆಯಲಿಲ್ಲ. ಹಾಗಾಗಿ ಲೆಕ್ಕ ಹಾಕುವುದಾದರೆ ತಪ್ಪು ಇಬ್ಬರದ್ದೂ ಉಂಟು.

ನನ್ನ ಲೈಸೆನ್ಸಿನ ಕಥೆ ಖಲಾಸ್. ನಮ್ಮ ಧಣಿ ಕಫೀಲ್ ಕರೆದು, ಇನ್ನು ನಿನ್ನ ಕೈಯಲ್ಲಿ ಮೈಕ್ ಕಂಡರೆ ಸೀದಾ ಏರ್‌ಪೋರ್ಟು ಎಂದ. ಪಾಠದ ಕಾಗದಗಳನ್ನು ಕ್ಯಾಸ್ಮಿರ್ ಇಟ್ಟುಕೊಂಡಿದ್ದಾನೆ. ಬಿಸಾಡಲಿಕ್ಕೆ ಅವನಿಗೆ ಮನಸ್ಸು ಬರಲಿಲ್ಲವಂತೆ.

ಈಗ ಸೆಟ್ಟಿಲ್ಲದೆ ಓಡಿಸುತ್ತೇವೆ. ಹೋದ ವಾರ ಕುಂಞಾಲಿಯ ಟಯರ್ ಒಡೆಯಿತು. ಹಿಂದೆ ಯಾರೂ ಇರಲಿಲ್ಲ. ಟ್ಯಾಂಕರಿನ ಅಡಿಯಲ್ಲಿ ಮಲಗಿ ಸಂಜೆ ತನಕ ಕಾದ. ನೀರಿನ ಟ್ಯಾಂಕರ್ ಆದ ಕಾರಣ ನೀರಿಗೆ ತೊಂದರೆಯಾಗಲಿಲ್ಲ, ಆದರೆ ಬಿಸಿಲು ತಲೆಗೆ ಹತ್ತಿತು. ಈಗಲೂ ಕೈ ನಡುಗುತ್ತದೆ. ನನ್ನೊಟ್ಟಿಗೆ ಮಾತು ಬಿಟ್ಟಿದ್ದಾನೆ. ರಿಪೋರ್ಟ್ ಬರೆದದ್ದು ಯಾರು ಎಂದು ಅವನಿಗೆ ನಾನು ಹೇಳಿಲ್ಲ, ಆದರೆ ಅವನು ದಡ್ಡನಲ್ಲ.

ನೀನು ಫಲಿತಾಂಶ ಬಂದಾಗ ತಿಳಿಸು.

ಬಾಪ
ಇಬ್ರಾಹಿಂ


ಅಲ್ ಅಮೇರಾತ್
14 ನವೆಂಬರ್ 2025

ಪ್ರೀತಿಯ ಬಾಪ,

ನಡುವೆ ಎರಡು ಸಲ ಬರೆದು ಹರಿದೆ. ಶಹೀದ್ ಭಾಯಿ ಹಾರ್ನ್ ಹೊಡೆದಾಗ ಬರಿಗೈಯಲ್ಲಿ ಹೋಗಿ, ಏನೂ ಇಲ್ಲ ಎಂದೆ. ಅವರು ಜೋಕು ಮಾಡಲಿಲ್ಲ.

ನಾನು ಪಾಸು. ಇಲ್ಲಿಯ ಪರ್ಮಿಷನ್ನೂ ಬಂತು. ನನಗೊಂದು ಕಾಲ್‌ಸೈನ್ ಉಂಟು ಈಗ. ಸರಸ್ವತಮ್ಮ ಪಾಯಸ ಮಾಡಿದರು. ಸರ್‌ಗೆ ಏನೂ ಹೇಳಿಲ್ಲ, ನೀವು ಹೇಳಿದ ಹಾಗೆ. ನಿಮ್ಮ ತಂದೆಗೆ ಎಷ್ಟು ಖುಷಿಯಾಗಿರಬೇಕು ಎಂದು ಅವರು ಕೇಳಿದರೆ ತಲೆಯಾಡಿಸುತ್ತೇನೆ. ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದಾಗ ಒಮ್ಮೆ ಬಿಸಿನೆಸ್ ಎಂದುಬಿಟ್ಟೆ. ಅದು ಹೇಗೆ ಬಾಯಿಗೆ ಬಂತೋ.

ಮುಂದಿನ ಶುಕ್ರವಾರ ಮಗ್ರಿಬ್ ಆದ ಮೇಲೆ ಸರ್ ಮನೆಯಲ್ಲಿ ನಾನು ಮೊದಲ ಸಲ ಮಾತಾಡುವುದು. ಏಳು ಮೆಗಾಹರ್ಟ್ಸ್‌ನಲ್ಲಿ. ನಮ್ಮಿಬ್ಬರಿಗೆ ಎಂದು ನಾನು ಆರಿಸಿದ ಜಾಗದಲ್ಲಿ. ಬೇರೆಯವರೊಟ್ಟಿಗೆ. ಕ್ಲಬ್ಬಿನವರೆಲ್ಲ ಕೇಳುತ್ತಾರಂತೆ. ನಿಮಗೆ ಕೇಳಿಸುವುದಿಲ್ಲ ಎಂದು ಗೊತ್ತು. ಆದರೂ ಹೇಳದೆ ಇರಲಿಕ್ಕೆ ಆಗಲಿಲ್ಲ.

ಚಿಕ್ಕವಳಿದ್ದಾಗ ನಿಮ್ಮ ಪಿಕಪ್ಪಿನಲ್ಲಿ ತೊಡೆಯ ಮೇಲೆ ಕೂರಿಸಿ ನನ್ನ ಕೈಗೆ ಮೈಕ್ ಕೊಟ್ಟಿರಲ್ಲ, ಒತ್ತಿದ ಕೂಡಲೇ ಮಾತಾಡಬೇಡ, ಒಂದು ಉಸಿರು ಬಿಡು ಎಂದು. ಕ್ಲಾಸಿನಲ್ಲಿ ಅದನ್ನು ಉಳಿದವರಿಗೆಲ್ಲ ಹೇಳಿಕೊಡಬೇಕಾಯಿತು, ನನಗೆ ಬೇಕಾಗಲಿಲ್ಲ.

ಕುಂಞಾಲಿ ಕಾಕನ ಕೈ ಹೇಗಿದೆ?

ಆಫಿಯಾ


ಅಲ್ ಅಮೇರಾತ್
22 ನವೆಂಬರ್ 2025

ಪ್ರೀತಿಯ ಬಾಪ,

ನಿನ್ನೆ ಮಾತಾಡಿದೆ. ಮೂರು ಸಲ ಕರೆದ ಮೇಲೆ ಇಟಲಿಯಿಂದ ಒಬ್ಬ ಮುದುಕರು ಉತ್ತರಿಸಿದರು. ನನ್ನ ಹೆಸರು ಹೇಳಿದೆ, ಮಸ್ಕತ್ ಎಂದೆ, ಸ್ವರ ಸ್ಪಷ್ಟವಾಗಿ ಬರುತ್ತಿದೆ ಎಂದರು. ಅವರ ಊರಿನಲ್ಲಿ ಚಳಿಯಂತೆ. ಇಷ್ಟು ಚಿಕ್ಕವಳು, ರೇಡಿಯೊ ನಿನಗೆ ಯಾರು ಕಲಿಸಿದ್ದು ಎಂದು ಕೇಳಿದರು. ತಡವರಿಸಿ ಒಂದು ಹೆಸರು ಹೇಳಿದೆ. ಆಮೇಲೆ ಅವರ ಸ್ವರ ಮುಳುಗುತ್ತಾ ಹೋಯಿತು, ಮುಗಿಸಿದೆವು. ಸರ್ ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು.

ಮನೆಗೆ ಬಂದಾಗ ಉಮ್ಮ, ಹೇಗಾಯಿತು ಎಂದಳು. ಚೆನ್ನಾಗಾಯಿತು ಎಂದೆ. ಊಟ ಸೇರಲಿಲ್ಲ. ಇನ್ನೇನೂ ಬರೆಯಲು ತೋಚುತ್ತಿಲ್ಲ.

ಆಫಿಯಾ


ಕ್ಯಾಂಪು
22 ನವೆಂಬರ್ 2025

ಮಗಳು ಆಫಿಯಾಳಿಗೆ ಬಾಪನ ಸಲಾಂ.

ಪಾಸಾದದ್ದು ಓದಿ ಕ್ಯಾಸ್ಮಿರ್ ಮೆಸ್ಸಿನಲ್ಲಿ ಎಲ್ಲರಿಗೂ ಶರಬತ್ತು ಹಂಚಿದ. ಅವನ ಹತ್ತಿರ ಒಂದು ಹಳೆಯ ರೇಡಿಯೊ ಉಂಟು. ಕೇಳುವುದು ಮಾತ್ರ, ಮಾತಾಡುವುದಲ್ಲ. ಕಫೀಲ್ ಅದಕ್ಕೆ ಬೇಡ ಎಂದಿಲ್ಲ. ನಿನ್ನೆ ಮಗ್ರಿಬ್ ಆದ ಮೇಲೆ ಸ್ಟೋರಿನ ಬಾಗಿಲು ಹಾಕಿ ಕೂತೆವು. ಕಿಟಕಿಯಿಂದ ಹೊರಗೆ ಒಂದು ವಯರ್ ಎಳೆದ. ಮೊದಲು ಎಲ್ಲ ಬಾತುಕೋಳಿಯ ಹಾಗೆ ಕೇಳಿಸಿತು. ಅವನು ನಿಧಾನ ತಿರುಗಿಸುತ್ತಾ ಹೋದ ಹಾಗೆ ಅದು ಮನುಷ್ಯರ ಸ್ವರವಾಯಿತು, ಆಮೇಲೆ ನಿನ್ನ ಸ್ವರವಾಯಿತು. ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಇತ್ತು.

ಕುಂಞಾಲಿ ಬಾಗಿಲ ಹತ್ತಿರ ನಿಂತಿದ್ದ. ಯಾರು ಎಂದು ಕೇಳಿದ. ಮಗಳು ಎಂದೆ. ಒಳಗೆ ಬಂದು ಅಕ್ಕಿ ಚೀಲದ ಮೇಲೆ ಕೂತ. ಕೊನೆಯ ತನಕ ಏಳಲಿಲ್ಲ.

ನಿನ್ನ ಇಂಗ್ಲಿಷ್ ಚೆನ್ನಾಗಿತ್ತು. ನನಗೆ ಅರ್ಥವಾಗದ್ದನ್ನು ಕ್ಯಾಸ್ಮಿರ್ ಹೇಳುತ್ತಿದ್ದ. ಯಾರು ಕಲಿಸಿದ್ದು ಎಂದು ಆ ಮನುಷ್ಯ ಕೇಳಿದ. ಅಷ್ಟರಲ್ಲಿ ಬ್ಯಾಟರಿ ಹೋಯಿತು. ಮುಂದಿನದು ನಮಗೆ ಯಾರಿಗೂ ಕೇಳಿಸಲಿಲ್ಲ.

ಕ್ಯಾಸ್ಮಿರ್ ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋಗುತ್ತಾನೆ, ರೇಡಿಯೊವೂ ಅವನೊಟ್ಟಿಗೆ ಹೋಗುತ್ತದೆ. ಇಲ್ಲೇ ಇಟ್ಟು ಹೋಗುತ್ತೇನೆ ಎಂದ, ನಾನೇ ಬೇಡ ಎಂದೆ. ನಮ್ಮ ಡ್ಯೂಟಿಯೂ ಇನ್ನು ಸಂಜೆಗೆ ಬದಲಾಗಿದೆ. ಹಾಗಾಗಿ ಬಾಪ ಕೇಳುತ್ತಿರಬಹುದು ಎಂದು ನೀನು ಮಾತನ್ನು ತೂಗಿ ಆಡಬೇಕಾಗಿಲ್ಲ. ಸಲೀಸಾಗಿ ಮಾತಾಡು.

ಉಮ್ಮನಿಗೆ ಚಳಿಯಲ್ಲಿ ಮೊಣಕಾಲು ಹಿಡಿಯುತ್ತದೆ, ಬಿಸಿನೀರು ಕೊಡು.

ದೊರೆಸ್ವಾಮಿ ಸರ್‌ಗೆ ನನ್ನ ಸಲಾಂ ಎಂದು ಹೇಳುವ ಹಾಗಿಲ್ಲವಲ್ಲ, ಹಾಗಾಗಿ ಮನಸ್ಸಿನಲ್ಲೇ ಇರಲಿ. ಒಳ್ಳೆಯ ಮನುಷ್ಯರು. ಇನ್ನೊಂದು ಸಲ ಯಾರು ಕಲಿಸಿದ್ದು ಎಂದು ಯಾರಾದರೂ ಕೇಳಿದರೂ ಸರ್ ಹೆಸರನ್ನೇ ಹೇಳು. ನಿನ್ನೆಯ ಹಾಗೆ ತಡವರಿಸಬೇಡ.

ಬಾಪ
ಇಬ್ರಾಹಿಂ